ಹೊಲದ ಬದುವಿನಿಂದ ಕೂಗಿದರೆ ಕೇಳಬೇಕಾದ ಹೆಸರು

ಕೊಪ್ಪಳ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ನಾಯಿ ಮರಿಗೆ ಹೆಸರಿಡುವುದು ಮೊದಲೆಲ್ಲ ದೊಡ್ಡ ವಿಚಾರವೇ ಆಗಿರಲಿಲ್ಲ. ಮೈ ಕಪ್ಪಗಿದ್ದರೆ ಕರಿಯ, ಕೆಂಪಗಿದ್ದರೆ ಕೆಂಚ, ಎರಡು ಬಣ್ಣ ಬೆರೆತಿದ್ದರೆ ಹಂಡ್ಯಾ. ಹೆಣ್ಣು ಮರಿಯಾದರೆ ಕರಿ ಇಲ್ಲವೇ ಕೆಂಪಿ. ಉರ್ದು ಮಾತು ಸಂತೆ, ಕಚೇರಿಗಳಲ್ಲಿ ಬಳಕೆಯಲ್ಲಿದ್ದ ನಿಜಾಮ ಸೀಮೆ ಇದು. ಹಾಗಾಗಿ ಮೋತಿ, ಶೇರು, ರಾಜಾ ಕೂಡ ಹೊರಗಿನ ಹೆಸರುಗಳೆಂದು ಯಾರಿಗೂ ಅನಿಸಿರಲಿಲ್ಲ. ಆಮೇಲೆ ಟಾಮಿ, ಟೈಗರ್, ಜೂಲಿ ಬಂದರು. ಮರಿ ಮನೆಗೆ ಬಂದು ಎರಡು ದಿನ ಆಗುವುದರೊಳಗೆ ಯಾರೋ ಒಬ್ಬರು ಏನೋ ಒಂದು ಕೂಗುತ್ತಿದ್ದರು, ಅದೇ ಹೆಸರಾಗುತ್ತಿತ್ತು.

ಈಗ ಹಾಗಿಲ್ಲ. ಗಂಗಾವತಿಯಲ್ಲೋ ಕುಷ್ಟಗಿಯಲ್ಲೋ ಒಂದು ಮನೆಗೆ ಲ್ಯಾಬ್ರಡಾರ್ ಮರಿ ಬಂದರೆ ಮಕ್ಕಳು ಮೊಬೈಲ್ ಹಿಡಿದು ಕೂರುತ್ತಾರೆ. ಮ್ಯಾಕ್ಸ್, ಲಿಯೋ, ಬ್ರೂನೋ, ಸಿಂಬಾ, ರಾಕಿ ಎಂದು ಪಟ್ಟಿ ಬೆಳೆಯುತ್ತದೆ. 2022ರಲ್ಲಿ ‘777 ಚಾರ್ಲಿ’ ತೆರೆಕಂಡ ಮೇಲೆ ಚಾರ್ಲಿಯೂ ಸೇರಿದೆ. ಮಕ್ಕಳು ಇಷ್ಟು ಆಸೆಪಟ್ಟು ಹೆಸರು ಹುಡುಕುವುದು ನನಗೆ ಬಹಳ ಇಷ್ಟವಾಗುವ ಸಂಗತಿ. ಮರಿಯನ್ನು ಮನೆಯ ಒಬ್ಬರಾಗಿ ಎಣಿಸಿದವರು ಮಾತ್ರ ಅದರ ಹೆಸರಿಗಾಗಿ ಜಗಳವಾಡುತ್ತಾರೆ. ಆದರೆ ಆ ಜಗಳ ನಡೆಯುವುದು ಹೆಸರು ನಮಗೆ ಹೇಗೆ ಕೇಳಿಸುತ್ತದೆ ಎಂಬುದರ ಮೇಲೆ. ನಾಯಿಗೆ ಹೇಗೆ ಕೇಳಿಸುತ್ತದೆ, ಮನೆಯ ಅಮ್ಮನ ಬಾಯಿಗೆ ಬರುತ್ತದೆಯೇ, ಓಣಿಯಲ್ಲಿ ಕೂಗಿದರೆ ಯಾರಿಗಾದರೂ ನೋವಾಗುತ್ತದೆಯೇ ಎಂದು ಕೇಳುವವರು ಕಡಿಮೆ. ಒಳ್ಳೆಯ ಹೆಸರು ಸಿಗುವುದು ಈ ಮೂರು ಪ್ರಶ್ನೆಗಳಿಂದ ಎಂಬುದು ನನ್ನ ನಂಬಿಕೆ.

ನಾಯಿಗೊಂದು ಹೆಸರು ಎಷ್ಟು ಮುಖ್ಯ ಎಂಬುದಕ್ಕೆ ಕನ್ನಡ ನಾಡಿನಲ್ಲಿ ಸಾವಿರ ವರ್ಷಕ್ಕೂ ಹಳೆಯ ಸಾಕ್ಷಿಯಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ ಅದು, ಶಕ ವರ್ಷ 872ರದು. ಅಂದರೆ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೆಯ ಕೃಷ್ಣ ಚೋಳ ರಾಜಾದಿತ್ಯನ ಮೇಲೆ ತಕ್ಕೋಲದಲ್ಲಿ ಯುದ್ಧ ಮಾಡಿದಾಗ ಗಂಗರ ಬೂತುಗ ಅವನ ಪಕ್ಷದಲ್ಲಿ ಕಾದಿದ. ಬೂತುಗನ ಬಂಟ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಏನು ಬೇಕು ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಮುಂದೆ ಬೆಳ್ತೂರಿನ ಪಡುವಣ ಮೊರಡಿಯಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿಯ ಗೊರವ ಊಟ ಮಾಡಬಾರದು ಎಂದೂ ಬರೆಸಿದ. ಕಲ್ಲಿನ ಮೇಲೆ ನಾಯಿ, ಹಂದಿ ಕಾದುತ್ತಿರುವ ಚಿತ್ರವಿದೆ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ತಕ್ಕೋಲದ ಯುದ್ಧದಲ್ಲಿ ಸತ್ತ ಸಾವಿರಾರು ಕಾಲಾಳುಗಳ ಹೆಸರು ನಮಗೆ ಗೊತ್ತಿಲ್ಲ, ಈ ನಾಯಿಯ ಹೆಸರು ಗೊತ್ತಿದೆ. ಬರೀ ‘ಮಣಲೇರನ ನಾಯಿ’ ಎಂದು ಬರೆಸಿದ್ದರೂ ಶಾಸನದ ಅರ್ಥ ಕೆಡುತ್ತಿರಲಿಲ್ಲ. ಅವನು ಹಾಗೆ ಬರೆಸದೆ ಕಾಳಿ ಎಂದೇ ಬರೆಸಿದ. ಮೊರಡಿಯ ಪೊದೆಗಳ ನಡುವೆ ಹಂದಿಯ ಹಿಂದೆ ಓಡುವ ನಾಯಿಯನ್ನು ಕೂಗಿ ಕರೆಯಲು ಬಾಯಿತುಂಬ ಬರುವ ಎರಡಕ್ಷರ ಅದು. ಕೊನೆಯ ಸ್ವರವನ್ನು ಎಷ್ಟು ದೂರ ಬೇಕಾದರೂ ಎಳೆಯಬಹುದು. ಇವತ್ತು ಯಲಬುರ್ಗಾದ ಎರೆ ಹೊಲದಲ್ಲಿ ನಿಂತು ಕೂಗಿದರೂ ಅದು ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

ಹೆಸರು ನಾಯಿಗೆ ಹೇಗೆ ಕೇಳಿಸುತ್ತದೆ ಎಂಬ ಬಗ್ಗೆ ಈಚಿನ ವರ್ಷಗಳಲ್ಲಿ ಒಳ್ಳೆಯ ಅಧ್ಯಯನಗಳಾಗಿವೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಅಮೃತಾ ಮಲ್ಲಿಕಾರ್ಜುನ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಹಲವು ಜನ ಒಟ್ಟಿಗೆ ಮಾತಾಡುವ ಗದ್ದಲವನ್ನು ಕೇಳಿಸುತ್ತ, ನಡುವೆ ನಾಯಿಯ ಹೆಸರನ್ನೂ ಅದೇ ಲಯದ ಬೇರೊಂದು ಹೆಸರನ್ನೂ ಕೂಗಿಸಿದರು. ಗದ್ದಲ ಹೆಸರಿನಷ್ಟೇ ಜೋರಾಗಿದ್ದರೂ ನಾಯಿಗಳು ತಮ್ಮ ಹೆಸರನ್ನು ಗುರುತು ಹಿಡಿದವು. ಇದು ಒಂದು ವರ್ಷದ ಮಗುವಿಗೂ ಕಷ್ಟದ ಕೆಲಸ. ಆದರೆ ಗದ್ದಲವೇ ಹೆಸರಿಗಿಂತ ಜೋರಾದಾಗ ಅವಕ್ಕೂ ಆಗಲಿಲ್ಲ. ಗಂಗಾವತಿಯ ಅಕ್ಕಿ ಗಿರಣಿಗಳ ಹತ್ತಿರ, ಲಾರಿ ಸಾಲಿನ ಪಕ್ಕ ಮನೆ ಮಾಡಿದವರು ಇದನ್ನು ನೆನಪಿಡಬೇಕು. ನಾಯಿ ಮಾತು ಕೇಳುತ್ತಿಲ್ಲ ಎಂದು ಹೊಡೆಯಲು ಕೈ ಎತ್ತುವ ಮುಂಚೆ, ಅದಕ್ಕೆ ಮಾತು ಕೇಳಿಸಿತೇ ಎಂದು ಯೋಚಿಸಬೇಕು.

ಇನ್ನೊಂದು ಪ್ರಯೋಗ ಹಂಗೇರಿಯ ಬುಡಾಪೆಸ್ಟ್‌ನದು, 2020ರಲ್ಲಿ ಪ್ರಕಟವಾದದ್ದು. ನಾಯಿಯ ತಲೆಗೆ ನೋವಾಗದಂತೆ ತಂತಿ ಅಂಟಿಸಿ, ಮಾತು ಕೇಳುವಾಗ ಮಿದುಳು ಏನು ಮಾಡುತ್ತದೆ ಎಂದು ನೋಡಿದರು. ಗೊತ್ತಿರುವ ಮಾತಿಗೂ ಪೂರ್ತಿ ಬೇರೆಯಾದ ಅರ್ಥವಿಲ್ಲದ ಸದ್ದಿಗೂ ನಾಯಿಯ ಮಿದುಳು ವ್ಯತ್ಯಾಸ ತೋರಿತು. ಗೊತ್ತಿರುವ ಮಾತಿನಲ್ಲಿ ಒಂದೇ ಒಂದು ಧ್ವನಿ ಬದಲಿಸಿ ಹೇಳಿದಾಗ ಮಾತ್ರ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಕಿವಿ ಎಷ್ಟು ಚುರುಕಾಗಿದ್ದರೂ, ಮಾತಿನ ಒಂದೊಂದು ಅಕ್ಷರವನ್ನೂ ನಾಯಿ ನಮ್ಮಂತೆ ಬಿಡಿಸಿ ನೋಡುವುದಿಲ್ಲ.

ಹೆಸರಿಡುವವರಿಗೆ ಇದರಿಂದ ನೇರ ಉಪಯೋಗವಿದೆ. ನಮ್ಮ ಮನೆಗಳಲ್ಲಿ ನಾಯಿಗೆ ದಿನವೂ ಹೇಳುವ ಮಾತುಗಳು ಯಾವುವು? ‘ಬಾ’, ‘ಬ್ಯಾಡ’, ‘ಕುಂಡ್ರು’, ‘ನಿಂದ್ರು’, ‘ಹೋಗು’, ಮತ್ತೆ ಓಡಿಸಲಿಕ್ಕೆ ‘ಹಚ್ಚಾ’. ಈಗ ಬಾಲ್ಯಾ ಎಂದು ಹೆಸರಿಟ್ಟು, ‘ಬಾ ಇಲ್ಲಿ’ ಅಂತಲೂ ಕರೆಯುತ್ತಿದ್ದರೆ ಎರಡೂ ಅದರ ಕಿವಿಯಲ್ಲಿ ಒಂದರ ಮೇಲೊಂದು ಬೀಳುತ್ತವೆ. ಬಂಡ್ಯಾ ಅಂದರೆ ‘ಬ್ಯಾಡ’ದ ಹತ್ತಿರ. ಕುಂಡ್ಯಾ ಅಂದರೆ ಪ್ರತಿ ಸಲ ಕೂಡಬೇಕೋ ಓಡಿ ಬರಬೇಕೋ ತಿಳಿಯದೆ ಮರಿ ಬೆಪ್ಪಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ‘ಹಚ್ಚಾ’ ಹೋಲುವ ಹೆಸರು. ಓಣಿಯಲ್ಲಿ ಯಾರೋ ಬೇರೆ ನಾಯಿಯನ್ನು ಅಟ್ಟಿದರೂ ನಮ್ಮದು ಕಿವಿ ನಿಮಿರಿಸುತ್ತದೆ, ನಾವು ಪ್ರೀತಿಯಿಂದ ಕೂಗಿದರೂ ಬಾಲ ಮುದುಡುತ್ತದೆ. ಇಂಗ್ಲಿಷಿನಲ್ಲಿ ಬರೆದ ಸಲಹೆಗಳು ‘ಸಿಟ್’, ‘ಸ್ಟೇ’, ‘ನೋ’ ಹೋಲುವ ಹೆಸರು ಬೇಡ ಅನ್ನುತ್ತವೆ. ನಾವು ನೋಡಬೇಕಾದದ್ದು ನಮ್ಮ ಮನೆಯಲ್ಲಿ ಆಡುವ ಮಾತನ್ನು.

ಸದ್ದಿನ ವಿಷಯದಲ್ಲಿ ಪೆಟ್ರೀಷಿಯಾ ಮೆಕ್‌ಕಾನೆಲ್ ಎಂಬ ಪ್ರಾಣಿ ವರ್ತನಾ ತಜ್ಞೆಯ ಕೆಲಸ ನನಗೆ ಬಹಳ ಹಿಡಿಸಿದ್ದು. ಬೇರೆ ಬೇರೆ ಭಾಷೆ ಆಡುವ ಜನ ತಮ್ಮ ನಾಯಿ, ಕುದುರೆಗಳನ್ನು ಹೇಗೆ ಕೂಗುತ್ತಾರೆ ಎಂದು ಅವರು ದಾಖಲಿಸಿದರು. ಪ್ರಾಣಿಯನ್ನು ಓಡಿಸಬೇಕಾದಾಗ, ಬಳಿಗೆ ಕರೆಯಬೇಕಾದಾಗ ಎಲ್ಲರೂ ಚಿಕ್ಕ ಚಿಕ್ಕ ಸದ್ದನ್ನು ಮೇಲಿಂದ ಮೇಲೆ ಮಾಡುತ್ತಾರೆ. ನಿಲ್ಲಿಸಲು, ಸಮಾಧಾನಪಡಿಸಲು ಒಂದೇ ಉದ್ದ ಸದ್ದು. ನಮ್ಮ ಹೊಲಗಳಿಗೆ ಹೋಗಿ ಕೇಳಿ. ನಾಯಿ ಕರೆಯುವವರು ‘ಕುಯ್ ಕುಯ್ ಕುಯ್’ ಅನ್ನುತ್ತಾರೆ, ಅಟ್ಟಿಸಿಕೊಂಡು ಹೋಗಲು ‘ಛೂ ಛೂ’ ಅನ್ನುತ್ತಾರೆ. ಎತ್ತು ನಿಲ್ಲಿಸುವಾಗ ಮಾತ್ರ ‘ಹೋ…’ ಎಂದು ಎಳೆಯುತ್ತಾರೆ. ಯಾರೂ ಕಲಿಸದೆ ಬಂದ ಈ ಜಾಣತನವನ್ನು ಹೆಸರಿಗೂ ಹಚ್ಚಬೇಕು. ಒಂದು ಅಥವಾ ಎರಡಕ್ಷರದ ಹೆಸರನ್ನು ಬೇಗ ಬೇಗ ಎರಡು ಸಲ ಕೂಗಬಹುದು. ‘ರಾಣಿ ರಾಣಿ’ ಎಂದು ಕೂಗುವಷ್ಟು ಸಲೀಸಾಗಿ ‘ಅಲೆಕ್ಸಾಂಡರ್ ಅಲೆಕ್ಸಾಂಡರ್’ ಎಂದು ಕೂಗಲಾಗದು.

ಇನ್ನು ಮನೆಯವರ ನಾಲಿಗೆ. ಹೆಸರಿಡುವುದು ಕಾಲೇಜಿಗೆ ಹೋಗುವ ಮಗಳು, ದಿನಾ ರೊಟ್ಟಿ ಹಾಕುವುದು ಅಜ್ಜಿ. ನಾಯಿ ಹೆಚ್ಚು ಸಲ ಕೇಳುವ ದನಿ ರೊಟ್ಟಿ ಹಾಕುವವರದೇ. ಕನ್ನಡದ ನಾಲಿಗೆ ಸ್ವರದಲ್ಲಿ ನಿಲ್ಲುವುದಕ್ಕೆ ಒಗ್ಗಿದೆ. ಟಾಮಿ, ಜೂಲಿ, ಬ್ರೂನೋ ಇಲ್ಲಿ ಸಲೀಸಾಗಿ ಉಳಿದುಕೊಂಡಿರುವುದಕ್ಕೆ ಅವು ಸ್ವರದಲ್ಲಿ ಮುಗಿಯುವುದೂ ಒಂದು ಕಾರಣ ಅನ್ನಿಸುತ್ತದೆ. ಮ್ಯಾಕ್ಸ್ ಎಂಬುದು ಅಜ್ಜಿಯ ಬಾಯಲ್ಲಿ ಮ್ಯಾಕ್ಸ್ಯಾ ಆಗುತ್ತದೆ, ಅಪ್ಪನ ಬಾಯಲ್ಲಿ ಮಕ್ಸು, ಮಗಳ ಬಾಯಲ್ಲಿ ಮ್ಯಾಕ್ಸಿ. ಮರಿ ಮೂರನ್ನೂ ಕಲಿಯಬಲ್ಲದು. ಅಮೆರಿಕದ ಚೇಸರ್ ಎಂಬ ಬಾರ್ಡರ್ ಕೋಲಿ ನಾಯಿ 1,022 ಆಟಿಕೆಗಳ ಹೆಸರು ಕಲಿತಿತ್ತು ಎಂದು ಅದನ್ನು ಸಾಕಿ ಕಲಿಸಿದ ಜಾನ್ ಪಿಲ್ಲಿ 2011ರಲ್ಲಿ ಪ್ರಕಟಿಸಿದರು. ಆದರೆ ಮೊದಲ ಎರಡು ತಿಂಗಳಲ್ಲಿ ಎಲ್ಲರೂ ಒಂದೇ ರೀತಿ ಕರೆದರೆ ಮರಿಗೆ ಎಷ್ಟೋ ಸಲೀಸು. ಹೆಸರು ಗಟ್ಟಿಮಾಡುವ ಮೊದಲು ಮನೆಯ ಹಿರಿಯರಿಂದ ನಾಲ್ಕು ಸಲ ಜೋರಾಗಿ ಕೂಗಿಸಿ ನೋಡಿ. ಅವರ ಬಾಯಲ್ಲಿ ಬಂದ ರೂಪವನ್ನೇ ಹೆಸರು ಮಾಡಿಕೊಳ್ಳುವುದು ಒಳ್ಳೆಯದು.

ಇದಕ್ಕಿಂತ ಸೂಕ್ಷ್ಮವಾದದ್ದು ಓಣಿಯ ಮಾತು. ನಮ್ಮ ಕಡೆ ಸಲುಗೆಯಲ್ಲಿ, ಸಿಟ್ಟಿನಲ್ಲಿ ಮನುಷ್ಯರನ್ನೂ ಬಸ್ಯಾ, ಮಲ್ಯಾ, ಹನಮ್ಯಾ ಎಂದು ಕರೆಯುತ್ತೇವೆ. ನಾಯಿಯ ಹೆಸರೂ ಅದೇ ಅಚ್ಚಿನಲ್ಲಿ ಮೋತ್ಯಾ, ರಾಜ್ಯಾ, ಕಾಳ್ಯಾ ಆಗುತ್ತದೆ. ಕೊಪ್ಪಳದ ಓಣಿಯೊಂದರಲ್ಲಿ ‘ಗವ್ಯಾ’ ಎಂದು ನಾಯಿಯನ್ನು ಕೂಗಿದರೆ ನಾಲ್ಕು ಮನೆಯ ಗವಿಸಿದ್ದಪ್ಪಗಳು ಹೊರಗೆ ಬರುತ್ತಾರೆ. ಗವಿಮಠದ ಅಜ್ಜನ ಹೆಸರನ್ನು ಭಕ್ತಿಯಿಂದ ಮಗನಿಗಿಟ್ಟ ತಾಯಿಗೆ ಅದು ಎಷ್ಟು ಚುಚ್ಚಬಹುದು! ಹುಲಿಗಿಯ ಹುಲಿಗೆಮ್ಮ, ಕನಕಗಿರಿಯ ಕನಕಾಚಲಪತಿ, ಅಂಜನಾದ್ರಿಯ ಹನುಮಪ್ಪ ಇವರೆಲ್ಲರ ಹೆಸರು ಇಲ್ಲಿಯ ಮನೆಮನೆಯಲ್ಲಿದೆ. ಶರಣಪ್ಪ, ಯಮನೂರಪ್ಪ, ಹುಸೇನಪ್ಪ ಕೂಡ ಹಾಗೇ. ನಾಯಿಯ ಹೆಸರಿಗಾಗಿ ಇವುಗಳ ಹತ್ತಿರವೂ ಹೋಗಬಾರದು.

ಸಿಟ್ಟಿರುವವರ ಹೆಸರನ್ನು ಬೇಕೆಂದೇ ನಾಯಿಗೆ ಇಡುವವರೂ ಇದ್ದಾರೆ. ಬದುವಿನ ತಕರಾರು, ಚುನಾವಣೆಯಲ್ಲಿ ಸೋತ ಸಿಟ್ಟು, ಜಾತಿಯ ಅಹಂಕಾರ ಎಲ್ಲವನ್ನೂ ಏನೂ ಅರಿಯದ ಮರಿಯ ಕೊರಳಿಗೆ ಕಟ್ಟುವ ಕೆಲಸ ಇದು. ದಿನಾ ಬೆಳಿಗ್ಗೆ ಆ ಹೆಸರು ಹಿಡಿದು ಬೈಯುತ್ತಾರೆ, ಎದುರು ಮನೆಯವರು ಕೇಳಿಸಿಕೊಳ್ಳಲೆಂದು. ಕೊನೆಗೆ ಪೆಟ್ಟು ಬೀಳುವುದು ನಾಯಿಗೇ. ಒಂದು ದಿನ ಎದುರು ಮನೆಯವರು ಕಲ್ಲೆಸೆದರೆ ಅದಕ್ಕೆ ಕಾರಣವೂ ತಿಳಿಯದು. ಜಾತಿಯ, ಧರ್ಮದ, ಊರಿನ ಹಿರಿಯರ ಹೆಸರನ್ನು ನಾಯಿಗಿಡುವುದು ಮನುಷ್ಯರಿಗೆ ಮಾಡುವ ಅವಮಾನ, ಅದಕ್ಕಿಂತ ಮೊದಲು ನಾಯಿಗೆ ಮಾಡುವ ಅನ್ಯಾಯ. ಇದನ್ನು ನಾನು ತಮಾಷೆ ಎಂದು ಒಪ್ಪಲಾರೆ.

ನಾಯಿಯ ಹೆಸರಿಟ್ಟು ಬೈಯುವ ನಮ್ಮದೇ ನೆಲದಲ್ಲಿ ನಾಯಿಯನ್ನು ದೇವರ ಬಳಗಕ್ಕೆ ಸೇರಿಸಿಕೊಂಡ ಪರಂಪರೆಯೂ ಇದೆ. ಮೈಲಾರಲಿಂಗನ ಒಕ್ಕಲು ಕೊಪ್ಪಳ ಸೀಮೆಯಲ್ಲಿ ದೊಡ್ಡದು. ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಇಲ್ಲಿಂದ ಗಾಡಿ ಕಟ್ಟಿಕೊಂಡು ಹೋಗುವ ಮನೆತನಗಳಿವೆ. ಭಂಡಾರ ಹಚ್ಚಿ ಕಂಬಳಿ ತೊಟ್ಟ ಗೊರವರು ತಾವೇ ಮೈಲಾರನ ನಾಯಿಗಳೆಂದು ಬೊಗಳಿ, ದೋಣಿಯಲ್ಲಿ ಹಾಕಿದ ಎಡೆಗೆ ಬಾಯಿ ಹಚ್ಚಿ ಉಣ್ಣುವ ಸೇವೆಯನ್ನು ನೋಡಿದವರಿಗೆ, ‘ನಾಯಿ’ ಎಂಬುದು ಬೈಗುಳ ಮಾತ್ರ ಅಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಹೆಸರು ಎಲ್ಲಿಂದ ತರಬೇಕು? ನನ್ನ ಒಲವು, ಮರಿಯನ್ನೇ ನೋಡಿ ಇಡುವ ಹಳೆಯ ಪದ್ಧತಿಯ ಕಡೆಗೆ. ಎರಡು ಮೂರು ದಿನ ಹೆಸರಿಲ್ಲದೆ ಇರಲಿ, ನಷ್ಟವಿಲ್ಲ. ಬಣ್ಣ ನೋಡಿ, ನಡಿಗೆ ನೋಡಿ, ಕಿವಿ ನೋಡಿ. ಪೂರ್ಣಚಂದ್ರ ತೇಜಸ್ವಿಯವರ ಓದುಗರಿಗೆ ಅವರ ನಾಯಿ ‘ಕಿವಿ’ಯನ್ನು ಪರಿಚಯಿಸಬೇಕಿಲ್ಲ. ಮನೆಯ ನಾಯಿಗೆ ದಿನಬಳಕೆಯ ಒಂದು ಕನ್ನಡ ಮಾತನ್ನು ಹೆಸರಾಗಿ ಕೊಟ್ಟರೆ ಎಷ್ಟು ಚೆಂದ ಕೂರುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಚಿಕ್ಕದು, ಸ್ವರದಲ್ಲಿ ಮುಗಿಯುವುದು, ಯಾರಿಗೂ ನೋವು ಮಾಡದ್ದು. ಹಾಗೇ ನಮ್ಮ ಸುತ್ತ ಹುಡುಕಿದರೆ ಸಜ್ಜಿ ಇದೆ, ನವಣಿ ಇದೆ, ಗುಲಗಂಜಿಯಿಂದ ಗುಂಜಿ ಇದೆ. ಮುಂಗಾರಿನಲ್ಲಿ ಬಂದ ಮರಿ ಮಿರಗ ಆಗಬಹುದು, ಎರೆ ಮಣ್ಣಿನ ಬಣ್ಣದ್ದು ಎರಿ ಆಗಬಹುದು, ಕೆಮ್ಮಣ್ಣಿನದು ಮಸಾರಿ. ಕಿನ್ನಾಳದ ಬಣ್ಣದ ಗೊಂಬೆಯ ಹಾಗಿರುವ ಮರಿಗೆ ಗೊಂಬಿ ಅಂದರೆ ಮಕ್ಕಳೂ ಒಪ್ಪುತ್ತಾರೆ. ಬ್ರೂನೋ, ಲೂಸಿ ಎಂದಿಟ್ಟವರು ತಪ್ಪು ಮಾಡಿದರೆಂದು ನಾನು ಹೇಳುತ್ತಿಲ್ಲ. ಒಂದೇ ಓಣಿಯಲ್ಲಿ ಮೂರು ಬ್ರೂನೋಗಳಾದಾಗ ಒಬ್ಬರು ಕರೆದರೆ ಮೂರೂ ಓಡಿ ಬರುತ್ತವೆ ಎಂಬುದಷ್ಟೇ ತೊಂದರೆ.

ಮುಧೋಳ ನಾಯಿ ತಂದವರಿಗೆ ಒಂದು ಮಾತು. ಪಕ್ಕದ ಬಾಗಲಕೋಟೆ ಜಿಲ್ಲೆಯ ಈ ತಳಿಗೆ 2005ರಲ್ಲಿ ಅಂಚೆ ಚೀಟಿಯ ಗೌರವ ಸಿಕ್ಕಿತು. ತಳಿಯನ್ನು ಉಳಿಸಲು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿದೆ. ಈ ನಾಯಿಯನ್ನು ಕರವಾನಿ ಎಂದೂ, ಕಿವಿ ಬಾಲಗಳಲ್ಲಿ ಉದ್ದ ಕೂದಲಿರುವುದನ್ನು ಪಶ್ಮಿ ಎಂದೂ ಕರೆಯುತ್ತಾರೆ. ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ಮೊಲ ಕಂಡರೆ ಕ್ಷಣದಲ್ಲಿ ಎರಡು ಹೊಲ ದಾಟಿರುತ್ತದೆ. ಬಂಕಾಪುರದ ತೋಳಧಾಮದ ಸುತ್ತಿನಂಥ ಬಯಲುಗಳಲ್ಲಿ ಅದನ್ನು ಹಿಂದಕ್ಕೆ ಕರೆಯಲಾಗದಿದ್ದರೆ ಕಾಡುಪ್ರಾಣಿಗೂ ಅಪಾಯ, ನಾಯಿಗೂ ಅಪಾಯ. ಉಳಿದ ನಾಯಿಗಳಿಗೆ ಹೆಸರು ಚೆನ್ನಾಗಿದ್ದರೆ ಒಳ್ಳೆಯದು. ಇದಕ್ಕೆ ದೂರಕ್ಕೆ ಹೋಗುವ ಹೆಸರು, ಕೇಳಿದೊಡನೆ ತಿರುಗುವ ಅಭ್ಯಾಸ ಎರಡೂ ಬೇಕೇ ಬೇಕು. ಮರಿಯಿದ್ದಾಗಲೇ ಬದುವಿನ ಮೇಲೆ ನಿಂತು, ಗಾಳಿಗೆ ಎದುರಾಗಿ ಕೂಗಿ ಪರೀಕ್ಷಿಸಿ.

ಕಲಿಸುವುದು ಕಷ್ಟವಲ್ಲ. ಮರಿ ಬೇರೆ ಕಡೆ ನೋಡುತ್ತಿರುವಾಗ ಹೆಸರನ್ನು ಒಂದೇ ಸಲ ಹೇಳಿ. ತಿರುಗಿ ನೋಡಿದ ಕೂಡಲೇ ಜೋಳದ ರೊಟ್ಟಿಯ ಚೂರು ಕೊಡಿ, ಮೈ ಸವರಿ. ಹೀಗೆ ದಿನಕ್ಕೆ ನಾಲ್ಕೈದು ಬಾರಿ, ಒಂದೊಂದು ಸಲ ಒಂದೆರಡು ನಿಮಿಷ ಸಾಕು. ನೋಡದಿದ್ದರೆ ಹತ್ತು ಸಲ ಕೂಗಬೇಡಿ. ಹಾಗೆ ಮಾಡಿದರೆ ಹತ್ತನೆಯ ಕೂಗಿಗೆ ತಿರುಗಿದರೆ ಸಾಕೆಂದು ಅದು ಕಲಿಯುತ್ತದೆ. ಹೆಸರು ಹಿಡಿದು ಬೈಯುವುದು, ಹೆಸರು ಕೂಗಿ ಕರೆದು ಹೊಡೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಚಪ್ಪಲಿ ಕಡಿದಾಗ ‘ಬ್ಯಾಡ’ ಅನ್ನಿ, ಹೆಸರನ್ನು ಅದರಿಂದ ದೂರ ಇಡಿ. ಆ ಮಾತು ಕೇಳಿದಾಗ ಅದಕ್ಕೆ ಅನ್ನ, ಆಟ, ನಿಮ್ಮ ಕೈ ಇವಿಷ್ಟೇ ನೆನಪಾಗಬೇಕು.

ಹೆಸರಿಟ್ಟ ಮೇಲೆ ಅದನ್ನು ಕಾಗದದಲ್ಲೂ ಬರೆಸಿ. ಮರಿಗೆ ಮೂರು ತಿಂಗಳಾದಾಗ ಪಶು ಆಸ್ಪತ್ರೆಯಲ್ಲಿ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದರೆ ಕೊಡುವ ಚೀಟಿಯಲ್ಲಿ ನಾಯಿಯ ಹೆಸರು, ಬಣ್ಣ, ಒಡೆಯರ ವಿವರ ಇರುತ್ತವೆ. ಮುಂದೆ ವರ್ಷ ವರ್ಷವೂ ಆ ಚೀಟಿ ಬೇಕಾಗುತ್ತದೆ. ಓಣಿಯ ನಾಯಿಗಳಿಗೂ ಇದನ್ನು ಮಾಡಬಹುದು. ಕೊಪ್ಪಳದ ಬಸ್ ನಿಲ್ದಾಣದ ಸುತ್ತ, ಯಲಬುರ್ಗಾದ ಚಹಾದಂಗಡಿಗಳ ಮುಂದೆ ಮಲಗುವ ನಾಯಿಗಳಲ್ಲಿ ಒಂದೊಂದಕ್ಕೆ ಒಂದೊಂದು ಅಂಗಡಿಯವರು ಒಂದೊಂದು ಹೆಸರಿಟ್ಟಿರುತ್ತಾರೆ. ‘ಆ ನಾಯಿ’ ಎನ್ನುವಾಗ ಯಾರೂ ಲಸಿಕೆಗೆ ಒಯ್ಯುವುದಿಲ್ಲ. ‘ನಮ್ಮ ಕರಿ’ ಎಂದಾಗ ಯಾರಾದರೂ ಒಬ್ಬರು ಆಟೋದಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ದತ್ತು ತಂದ ದೊಡ್ಡ ನಾಯಿಗೆ ಹಳೆಯ ಹೆಸರು ಹಿಡಿಸದಿದ್ದರೆ ಬದಲಿಸಬಹುದು, ಅದರಲ್ಲಿ ದೋಷವಿಲ್ಲ. ಕೆಲವು ದಿನ ಹಳೆಯದರ ಹಿಂದೆಯೇ ಹೊಸದನ್ನು ಸೇರಿಸಿ ಕರೆದು, ಮೆಲ್ಲಗೆ ಹಳೆಯದನ್ನು ಬಿಡಬೇಕು. ಮೊದಲಿದ್ದ ಮನೆಯಲ್ಲಿ ಪೆಟ್ಟು ತಿಂದ ನಾಯಿಯಾದರೆ ಹೆಸರು ಬದಲಿಸುವುದೇ ಮೇಲು.

ಮನೆಗೆ ಎರಡನೆಯ ಮರಿ ಬಂದಾಗ ಜೋಡಿ ಹೆಸರಿಡುವ ಆಸೆ ಹುಟ್ಟುತ್ತದೆ. ಚಿಂಟು ಇದ್ದ ಮನೆಗೆ ಬಂಟು, ರಾಜಾ ಇದ್ದಲ್ಲಿ ರಾಣಿ. ಕೇಳಲು ಇಂಪು, ಆದರೆ ಬುಡಾಪೆಸ್ಟ್‌ನ ಪ್ರಯೋಗ ಹೇಳಿದ್ದನ್ನು ನೆನೆಯಿರಿ. ಹತ್ತಿರದ ಸದ್ದುಗಳಲ್ಲಿ ನಾಯಿಗೆ ಗೊಂದಲ. ಒಂದನ್ನು ಊಟಕ್ಕೆ ಕರೆದರೆ ಎರಡೂ ಬಂದು ತಟ್ಟೆಯ ಮುಂದೆ ಕಚ್ಚಾಡುತ್ತವೆ. ಮೊದಲನೆಯದು ಕಾಳಿಯಾದರೆ ಎರಡನೆಯದು ಸಜ್ಜಿ ಇರಲಿ, ಮೊದಲನೆಯದು ಮೋತಿಯಾದರೆ ಎರಡನೆಯದು ಗುಂಜಿ.